ತಾರಸಿಯ ಅರಳಿಗಿಡ

ಸುದ್ದಿ ಬಂದ ಹೊತ್ತಿನಲ್ಲಿ ಸೋಮಮ್ಮ ತಾರಸಿಯ ಮೇಲೆ ಅರಳಿಗಿಡಕ್ಕೆ ನೀರೆರೆಯುತ್ತಿದ್ದಳು. ಅಂದು ಶನಿವಾರ. ಮಿಂದು, ಒಗೆದ ಸೀರೆಯುಟ್ಟು, ತಂಬಿಗೆಯ ತುಂಬ ನೀರು ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು. ಮೊಣಕಾಲಿನ ನೋವಿಗೆ ಅರ್ಧದಲ್ಲಿ ನಿಂತು, ಗೋಡೆಗೆ ಕೈಯಾನಿಸಿ, ಉಸಿರು ತಿರುಗಿದ ಮೇಲೆ ಮತ್ತೆ ಹತ್ತುವುದು ಅವಳಿಗೆ ರೂಢಿಯಾಗಿತ್ತು. ಕೆಸರೆಯ ಆ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಒಬ್ಬರ ತಾರಸಿಯ ಮೇಲೆ ಮಾತಾಡಿದ್ದು ಇನ್ನೊಬ್ಬರ ತಾರಸಿಗೆ ಕೇಳುತ್ತದೆ. ಸೋಮಮ್ಮ ದೂರದ ಬೆಟ್ಟದ ಕಡೆಗೊಮ್ಮೆ ಕೈಮುಗಿದು, ಆಮೇಲೆ ಮೂಲೆಯ ಗಿಡದ ಕಡೆಗೆ ತಿರುಗಿದ್ದಳು.

ಮನಸ್ಸು ಮಾತ್ರ ಸರಿಯಿರಲಿಲ್ಲ. ಹಿಂದಿನ ಸಂಜೆ ತಮ್ಮ ಸಣ್ಣಮಾದಯ್ಯನ ಮೇಲೆ ರೇಗಿದ್ದಳು. ಅವನು ಊರಿನ ಆಚೆ ತುದಿಯ ಹಿನಕಲ್ಲಿನಿಂದ ಫೋನು ಮಾಡಿದ್ದ.

"ಅಕ್ಕ, ನಾಳೆ ಬತ್ತೀನಿ. ಮಳೆ ಹಿಡ್ಕಳೋಕೆ ಮುಂಚೆ ನಿನ್ನ ತಾರಸಿ ಕೆಲ್ಸ ಮುಗಿಸ್ಬುಡಾನ."

"ಬಾ. ರೊಟ್ಟಿ ತಟ್ಟಿರ್ತೀನಿ."

"ಈ ಸಲ ಆ ಗಿಡಾನೂ ತೆಗ್ದುಬುಡ್ತೀನಿ ಕಣಕ್ಕ. ಮಗ್ಳು ಅನು ಬಾಣಂತನಕ್ಕೆ ಬರೋ ರೂಮು ಅದರ ಕೆಳಗೇ ಅದೆ."

"ಗಿಡದ ತಂಟೆಗೆ ಹೋಗೋದಾದ್ರೆ ನೀನು ಬರಲೇಬೇಡ," ಎಂದು ಸೋಮಮ್ಮ ಫೋನು ಇಟ್ಟುಬಿಟ್ಟಿದ್ದಳು.

ಹಾಗೆಂದರೂ ಅವನು ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಎದ್ದು ರಾಗಿಹಿಟ್ಟು ಕಲಸಿ, ಹುಚ್ಚೆಳ್ಳು ಚಟ್ನಿ ಅರೆದು ಮುಚ್ಚಿಟ್ಟೇ ಮೇಲೆ ಬಂದಿದ್ದಳು.

ಮಗ ಅಮರ್ ಮೆಟ್ಟಿಲು ಹತ್ತುವ ಸದ್ದು ಕೇಳಿತು. ಅವನು ಮೇಲೆ ಬಂದು ನಿಂತ. ಕೈಯಲ್ಲಿ ಫೋನಿತ್ತು.

"ಸಣ್ಣ ಬಂದ್ನಾ?" ಎಂದಳು ಸೋಮಮ್ಮ.

"ಅವ್ವ, ಕೆಳಗೆ ಬಾ."

"ಬಂದ್ನಾ ಅಂದ್ರೆ ಹೇಳ್ಬಾರ್ದಾ?"

"ಮಾವ ಬಸ್‌ಸ್ಟಾಪಲ್ಲಿ ಕುಸಿದು ಬಿದ್ರಂತೆ ಅವ್ವ. ಆಟೋದಲ್ಲಿ ಹಾಕ್ಕೊಂಡು ಹೋದ್ರಂತೆ. ಆಸ್ಪತ್ರೆ ಬಾಗಿಲಿಗೆ ಹೋಗೋಷ್ಟ್ರಲ್ಲಿ..." ಅಮರ್ ಅಲ್ಲಿಗೇ ನಿಲ್ಲಿಸಿದ.

ತಂಬಿಗೆಯಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿತ್ತು. ಸೋಮಮ್ಮ ಅದನ್ನು ನಿಧಾನವಾಗಿ ಗಿಡದ ಬುಡಕ್ಕೆ ಸುರಿದಳು. ಯಾಕೆ ಸುರಿದಳೆಂದು ಅವಳಿಗೇ ತಿಳಿಯಲಿಲ್ಲ. ಸುರಿದು ಮುಗಿದ ಮೇಲೆ ಮೋಟುಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು.

ಸಣ್ಣಮಾದಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಗಾರೆಯ ಕೆಲಸ ಕಲಿತವನಲ್ಲ. ಆದರೆ ಸೋಮಮ್ಮನ ಗಂಡ ಹಳೆಯ ಹೆಂಚು ಇಳಿಸಿ ಮೋಲ್ಡ್ ಹಾಕಿಸಿದ ವರ್ಷವೇ ತೀರಿಕೊಂಡಾಗ, ಆ ತಾರಸಿಯನ್ನು ನೋಡಿಕೊಳ್ಳುವುದು ತನ್ನ ಪಾಲಿನದು ಎಂದು ಅವನೇ ವಹಿಸಿಕೊಂಡ. ಗೌರಿಹಬ್ಬಕ್ಕೆ ಎಲ್ಲ ತಮ್ಮಂದಿರ ಹಾಗೆ ಅವನೂ ಅಕ್ಕನಿಗೆ ಅರಿಶಿನ ಕುಂಕುಮಕ್ಕೆಂದು ಸೀರೆ ಕುಪ್ಪಸ ತರುತ್ತಿದ್ದ. ಆದರೆ ಅವನ ನಿಜವಾದ ಬಾಗಿನ ಬೇಸಿಗೆಯ ಕೊನೆಯಲ್ಲೇ ಬಂದಿರುತ್ತಿತ್ತು. ರೋಹಿಣಿ ಮಳೆಗೆ ಮುಂಚೆ ಒಂದು ಶನಿವಾರ ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಬರುವನು. ಚೀಲದಲ್ಲಿ ಕರಣೆ, ತಂತಿಯ ಬ್ರಷ್ಷು, ಒಂದು ಪೊಟ್ಟಣ ಸಿಮೆಂಟು. ಕಾಫಿ ಕುಡಿಯುವುದಕ್ಕೂ ಮುಂಚೆ ತಾರಸಿಗೆ ಹೋಗಿ ಕಸ ಗುಡಿಸಿ, ನೀರಿಳಿಯುವ ಕೊಳವೆಯ ಬಾಯಿಗೆ ಕೈಹಾಕಿ ಕೊಳೆತ ಎಲೆ, ಪ್ಲಾಸ್ಟಿಕ್ಕು, ಹಕ್ಕಿಪುಕ್ಕ ಎಲ್ಲ ಎಳೆದು ತೆಗೆಯುವನು. ಆಮೇಲೆ ಕೊಡಗಟ್ಟಲೆ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ಕುಕ್ಕರುಗಾಲಿನಲ್ಲಿ ಕೂರುವನು. ನಿಂತ ಕಡೆ ಸೀಮೆಸುಣ್ಣದಿಂದ ಗೆರೆ. ಒಣಗಿದ ಮೇಲೆ ಆ ಗೆರೆಯೊಳಗೆ ಬಿರುಕು ಹುಡುಕಿ, ಕೆರೆದು, ಸಿಮೆಂಟಿನ ಹಾಲು ತುಂಬುವನು. ತಾರಸಿಗೆ ಗೋಡೆ ಕೂಡುವ ಮೂಲೆಗಳಲ್ಲಿ ನೀರು ನಿಲ್ಲದ ಹಾಗೆ ದುಂಡಗೆ ಗಾರೆ ಮೆತ್ತುವನು.

"ಬಸ್ಸಿನ ಟಾಪು ಸೋರಿದ್ರೆ ಪ್ಯಾಸೆಂಜರು ಬೈತಾನೆ. ಮನೆ ಸೋರಿದ್ರೆ ಯಾರೂ ಬೈಯಲ್ಲ, ಬಕೆಟ್ಟು ತಂದಿಡ್ತಾರೆ. ಮನೆ ಹಾಳಾಗೋದು ಅದ್ಕೇ ಕಣೋ ಅಮರ," ಎಂದು ಅಳಿಯನಿಗೆ ಉಪದೇಶ ಬೇರೆ.

ಅಮರ್ ಒಮ್ಮೆ ಡಿಶ್ ನಿಲ್ಲಿಸಲು ತಾರಸಿಗೆ ಮೊಳೆ ಹೊಡೆಸಿದ್ದಾಗ ಸಣ್ಣಮಾದಯ್ಯ ಒಂದು ವಾರ ಅವನೊಡನೆ ಮಾತು ಬಿಟ್ಟಿದ್ದ. ಮುರಿದ ಕುರ್ಚಿ, ಹಳೆಯ ತೊಟ್ಟಿಲು, ಒಡೆದ ಕಮೋಡು, ಮೇಲೆ ಏನನ್ನು ಇಟ್ಟರೂ ಬರುವ ಸಲಕ್ಕೆ ಅವನು ಇಳಿಸಿ ಬೀದಿಗೆ ಹಾಕುತ್ತಿದ್ದ. ಅದರ ಕೆಳಗೆ ತೇವ ಕೂತು ಸರಳಿಗೆ ತುಕ್ಕು ಹತ್ತುತ್ತದೆಂದು.

ಮಳೆಗಾಲ ಬಂದರೆ ಇನ್ನೊಂದು ಪದ್ಧತಿ. ಹಿನಕಲ್ಲಿನಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಕೆಸರೆಯಲ್ಲಿ ಫೋನು ಬಡಿಯುತ್ತಿತ್ತು.

"ಅಕ್ಕ, ಸೋರ್ತಾ ಅದಾ?"

"ಇಲ್ಲಿ ಇನ್ನೂ ಮಳೆನೇ ಬಂದಿಲ್ಲ ಕಣೋ ಸಣ್ಣ."

"ಬಂದ್ಮೇಲೆ ಮಾಡ್ತೀನಿ ತಡಿ."

ಮಾಡಿಯೂ ಮಾಡುತ್ತಿದ್ದ.

ಇಂಥವನಿಗೂ ಅಕ್ಕನಿಗೂ ಒಂದೇ ವಿಷಯದಲ್ಲಿ ಒಮ್ಮತವಿರಲಿಲ್ಲ. ಅದು ತಾರಸಿಯ ಮೂಲೆಯ ಅರಳಿಗಿಡ. ಯಾವುದೋ ಹಕ್ಕಿ ಹಾಕಿದ ಬೀಜ ಮೋಟುಗೋಡೆಯ ಸಂದಿನಲ್ಲಿ ಮೊಳೆತು ಎದೆಯುದ್ದ ಬೆಳೆದಿತ್ತು. ಸೋಮಮ್ಮನಿಗೆ ಅದು ಅಶ್ವತ್ಥ, ನಾರಾಯಣ. ಕೀಳುವ ಮಾತೇ ಇಲ್ಲ. ಅಮರ್ ಓದುವ ಕಾಲದಲ್ಲೇ ಬೌದ್ಧ ವಿಹಾರದ ಕಡೆಗೆ ಹೊರಳಿದವನು. ಅವನಿಗೆ ಅದು ಬೋಧಿ. ಬುದ್ಧ ಪೂರ್ಣಿಮೆಯ ದಿನ ಅದರ ಬುಡದಲ್ಲಿ ಒಂದು ಮೇಣದ ಬತ್ತಿ ಹಚ್ಚಿಡುತ್ತಿದ್ದ. ದೇವರ ವಿಚಾರಕ್ಕೆ ಬಂದರೆ ವರ್ಷವಿಡೀ ವಾದ ಮಾಡುತ್ತಿದ್ದ ತಾಯಿ ಮಗ ಈ ಗಿಡದ ವಿಚಾರದಲ್ಲಿ ಮಾತ್ರ ಒಂದೇ ಪಕ್ಷ.

"ನಿಮ್ಮವ್ವಂಗೆ ನಾರಾಯಣ ಕಾಣ್ತಾನೆ, ನಿಂಗೆ ಬುದ್ಧ ಕಾಣ್ತಾನೆ. ನಂಗೆ ಮಾತ್ರ ಬೇರು ಕಾಣ್ತದಲ್ಲೋ," ಎನ್ನುತ್ತಿದ್ದ ಸಣ್ಣಮಾದಯ್ಯ. "ಬುದ್ಧ ಮರದ ಕೆಳಗೆ ಕೂತಿದ್ದ ಕಣೋ. ತಾರಸಿ ಮೇಲೆ ಕೂತಿದ್ನಾ?"

ಅಮರ್ ನಗುತ್ತಿದ್ದ. ಸೋಮಮ್ಮ ನಗುತ್ತಿರಲಿಲ್ಲ. ಅವಳ ಕಾರಣ ಬೇರೆ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕೊರೋನಾ ಬಂದ ಕಾಲದಲ್ಲಿ ಸಣ್ಣಮಾದಯ್ಯ ಆಸ್ಪತ್ರೆ ಸೇರಿದ್ದ. ಹೋಗಿ ನೋಡುವ ಹಾಗಿಲ್ಲ, ಒಂದು ಲೋಟ ಗಂಜಿ ಕೊಡುವ ಹಾಗಿಲ್ಲ. ದೇವಸ್ಥಾನಗಳಿಗೆಲ್ಲ ಬೀಗ ಹಾಕಿದ್ದರು. ನಂಜನಗೂಡಿಗೆ ಹೋಗಲಾರಳು, ಮಾದಪ್ಪನ ಬೆಟ್ಟಕ್ಕೆ ಹೋಗಲಾರಳು. ಬೀದಿಯ ಕೊನೆಯ ಅಶ್ವತ್ಥಕಟ್ಟೆಗೂ ಹೋಗದ ಹಾಗೆ ಹಗ್ಗ ಕಟ್ಟಿದ್ದರು. ಉಸಿರಾಟಕ್ಕೆ ಕೊಳವೆ ಹಾಕಿದ್ದಾರೆಂದು ಸುದ್ದಿ ಬಂದ ದಿನ ಅವಳು ಮನೆಯೊಳಗೆ ಕೂರಲಾರದೆ ತಾರಸಿಗೆ ಹತ್ತಿದಳು. ಮೂಲೆಯಲ್ಲಿ ಎರಡೇ ಎಲೆಯ ಅರಳಿ ಮೊಳಕೆ. ಗಾಳಿಯಿಲ್ಲದಿದ್ದರೂ ಆ ಎಲೆಗಳು ಅಲುಗುತ್ತಿದ್ದವು. ದೇವರು ತಾನೇ ಮನೆಯ ಮೇಲಕ್ಕೆ ಬಂದಿದ್ದಾನೆ ಎಂದು ಸೋಮಮ್ಮನಿಗೆ ಅನ್ನಿಸಿತು. ಮೂಲೆಯ ಗಿಡವನ್ನು ಪೂರ್ತಿ ಸುತ್ತಲು ಆಗದು. ಅದರ ಮುಂದೆಯೇ ತನ್ನನ್ನು ತಾನು ಸುತ್ತಿಕೊಂಡಳು. ಅವನ ಉಸಿರು ನಿನ್ನ ಎಲೆಯಲ್ಲಿಟ್ಟಿದ್ದೀನಿ, ಕಾಪಾಡು. ನಿನ್ನನ್ನು ನಾನು ಕಾಪಾಡುತ್ತೀನಿ ಎಂದಳು. ಅವನು ಬದುಕಿ ಮನೆಗೆ ಬಂದ. ಹರಕೆಯ ಮಾತು ಬಾಯಿಬಿಟ್ಟರೆ ಫಲ ಹೋಗುತ್ತದೆಂಬ ನಂಬಿಕೆಯಿಂದ ಅವಳು ಸುಮ್ಮನಿದ್ದಳು. ಅಂದಿನಿಂದ ತಮ್ಮ ಕರಣೆ ಹಿಡಿದು ಆ ಮೂಲೆಗೆ ಹೋದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ತನ್ನ ಉಸಿರನ್ನೇ ಕೀಳಲು ಹೊರಟಿದ್ದಾನಲ್ಲ ಎಂದು.

ಹಿನಕಲ್ಲಿನಲ್ಲಿ ಮಣ್ಣು ಮಾಡಿ ಬಂದ ಮೇಲೆ, ಹಾಲುತುಪ್ಪ ಬಿಟ್ಟು ಬಂದ ಮೇಲೆ, ತಿಥಿಯೂ ಮುಗಿದ ಮೇಲೆ ಸೋಮಮ್ಮ ಮತ್ತೆ ತಾರಸಿಗೆ ಹೋಗಿ ನೋಡಿದಳು. ಯಾರೂ ನೀರು ಹಾಕದಿದ್ದರೂ ಗಿಡ ನಳನಳಿಸುತ್ತಿತ್ತು. ತುದಿಯಲ್ಲಿ ಕೆಂಪು ಚಿಗುರು ಬಿಟ್ಟಿತ್ತು. ಅವಳಿಗೆ ಅದರ ಮೇಲೆ ಕೋಪ ಬಂತು. ಕೋಪದಲ್ಲಿ ಅದರ ಕಾಂಡಕ್ಕೆ ಕೈಹಾಕಿದಳು. ಹಾಕಿದ ಕೈ ಹಾಗೇ ನಿಂತಿತು. ಇನ್ನೇನು ಉಳಿದಿದೆ ಅವನದು ಎನ್ನಿಸಿತು. ಸೆರಗಿನಿಂದ ಎಲೆಯ ಧೂಳೊರೆಸಿ ಕೆಳಗಿಳಿದಳು.

ಆ ವರ್ಷ ತಾರಸಿಯ ಕೆಲಸ ಆಗಲಿಲ್ಲ. ಆಗಬೇಕಾಗಿತ್ತು ಎಂಬ ನೆನಪೂ ಯಾರಿಗೂ ಬರಲಿಲ್ಲ. ರೋಹಿಣಿ ಮಳೆ ಎರಡು ದಿನ ಹಿಡಿದು ಸುರಿಯಿತು. ಮೂಲೆಯ ಕೋಣೆಯ ಮೇಲ್ಛಾವಣಿಯಲ್ಲಿ ಮೊದಲು ತಟ್ಟೆಯಗಲದ ತೇವ ಕಾಣಿಸಿತು. ಆಮೇಲೆ ಸುಣ್ಣ ಉಬ್ಬಿತು. ಮೂರನೆಯ ದಿನ ಮಧ್ಯಾಹ್ನ, ಸೋಮಮ್ಮ ಅಡಿಗೆಮನೆಯಲ್ಲಿದ್ದಾಗ, ಧಡ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಮಗಳು ಅನುಪಮಳಿಗೆಂದು ಹೊಸದಾಗಿ ತಂದು ಹಾಕಿದ್ದ ಮಂಚದ ಮೇಲೆ ಗಾರೆಯ ದೊಡ್ಡ ಹೆಕ್ಕಳೆ ಬಿದ್ದಿತ್ತು. ಮೇಲೆ ತುಕ್ಕು ಹಿಡಿದ ಸರಳು ಪಕ್ಕೆಲುಬಿನ ಹಾಗೆ ಕಾಣುತ್ತಿತ್ತು. ಸರಳಿನ ಪಕ್ಕದಲ್ಲಿ, ಕೂದಲಿನ ಹಾಗೆ ಕವಲೊಡೆದು, ಬೇರು ಕೆಳಗೆ ಇಳಿಬಿದ್ದಿತ್ತು.

ಮಂಚದ ತಲೆಯ ಕಡೆಯಲ್ಲೇ ಬಿದ್ದಿತ್ತು ಗಾರೆ. ಸೋಮಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಹಳ ಹೊತ್ತು ನಿಂತಳು.

ಅಮರ್ ಬೀದಿಯ ಗಾರೆ ಕೆಲಸದ ಲಿಂಗರಾಜುವನ್ನು ಕರೆದುಕೊಂಡು ಬಂದ. ಲಿಂಗರಾಜು ಮೇಲೆ ಹತ್ತಿ ನೋಡಿ, ಕೆಳಗೆ ಬಂದು ನೋಡಿ, ತಲೆ ಕೆರೆದುಕೊಂಡ.

"ತೇಪೆ ಹಾಕೊಡ್ತೀನಿ ಅಂದ್ರೆ ಸುಳ್ಳಾಯ್ತದೆ ಅಮ್ಮ. ಗಿಡ ಇರೋಗಂಟ ಏನ್ ಮಾಡಿದ್ರೂ ನಿಲ್ಲಲ್ಲ. ತೆಗೆಸಿ, ಆಮೇಲೆ ನನ್ನ ಕರೀರಿ. ಆದ್ರೆ ನಾನು ಮುಟ್ಟಲ್ಲ. ನಮ್ಮನೇಲೂ ಮಕ್ಳವೆ."

ಅವನು ಹೋದ ಮೇಲೆ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡದೆ ಕುಳಿತರು.

"ನೀನು ಹೂಂ ಅನ್ನವ್ವ. ತೆಗೆಯೋಣ," ಎಂದ ಅಮರ್.

"ನೀನು ತೆಗೀತೀಯಾ?"

"ನಂಗೂ ಕೈ ಬರಲ್ಲ," ಎಂದ.

ಸಂಜೆ ಅನುಪಮಾ ಜಯಲಕ್ಷ್ಮಿಪುರಂನ ಅತ್ತೆಮನೆಯಿಂದ ಫೋನು ಮಾಡಿದಳು. ಅವಳಿಗೆ ತಿಂಗಳು ತುಂಬುತ್ತ ಬಂದಿತ್ತು. ಗಾರೆ ಬಿದ್ದದ್ದನ್ನು ಅಣ್ಣನಿಂದ ಕೇಳಿದ್ದಳು.

"ಅವ್ವ, ಇವ್ರೆಲ್ಲ ಅಲ್ಲಿಗೆ ಕಳಿಸಲ್ಲ ಅಂತಾವ್ರೆ. ಮಗು ಮಲಗಿರುವಾಗ ಬಿದ್ದಿದ್ರೆ ಅಂತ. ಬಾಣಂತನ ಇಲ್ಲೇ ಮಾಡ್ತಾರಂತೆ."

"ಮೊದಲ ಬಾಣಂತನ ಕಣಮ್ಮ. ತವರಲ್ಲಲ್ವಾ ಆಗ್ಬೇಕು?"

"ನಂಗೂ ಅದೇ ಆಸೆ. ಮಾವ ಇದ್ದಿದ್ರೆ..." ಎಂದವಳು ಫೋನು ಇಟ್ಟಳು.

ಸೋಮಮ್ಮ ಅಂದು ಊಟ ಮಾಡಲಿಲ್ಲ. ಮಗಳಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುವ ದಿನಕ್ಕೆ ಅವಳು ಎಷ್ಟು ಕಾದಿದ್ದಳೋ, ಈ ಗಿಡವನ್ನು ಅಷ್ಟೇ ಕಾದಿದ್ದಳು. ಒಂದನ್ನು ಇಟ್ಟುಕೊಂಡರೆ ಇನ್ನೊಂದಿಲ್ಲ. ಕೇಳೋಣವೆಂದರೆ ಕೇಳಬೇಕಾದವನು ಮಣ್ಣಿನಲ್ಲಿದ್ದ. ಅವನಿಗೆ ತಾನು ಆಡಿದ ಕೊನೆಯ ಮಾತು ಬರಲೇಬೇಡ ಎಂಬುದು.

ತಿಂಗಳ ಎಡೆಗೆ ಅವಳು ಹಿನಕಲ್ಲಿಗೆ ಹೋದಳು. ಸಣ್ಣಮಾದಯ್ಯನ ಹೆಂಡತಿ ಭಾಗ್ಯಮ್ಮ ಎಡೆ ಇಟ್ಟು, ಧೂಪ ಹಾಕಿ, ಬಂದವರೆಲ್ಲ ಉಂಡು ಹೋದ ಮೇಲೆ ಅತ್ತಿಗೆಯ ಪಕ್ಕದಲ್ಲಿ ಬಂದು ಕುಳಿತಳು. ಎದುರಿನ ಗೋಡೆಯ ಮೊಳೆಗೆ ಖಾಕಿ ಚೀಲ ನೇತುಹಾಕಿತ್ತು. ಸೋಮಮ್ಮ ಅದನ್ನೇ ನೋಡುತ್ತಿದ್ದಳು.

"ಬೀಳುವಾಗ ಅದು ಅವ್ರ ಹೆಗಲ ಮೇಲೇ ಇತ್ತು ಅತ್ತಿಗೆ. ನಾನಿನ್ನೂ ಬಿಚ್ಚಿಲ್ಲ," ಎಂದಳು ಭಾಗ್ಯಮ್ಮ. "ನಿಮ್ಮನೆಗೆ ತಂದಿದ್ದು. ನೀವೇ ಬಿಚ್ಚಿ."

"ನಾನು ಅವನ್ನ ಬರಬೇಡ ಅಂದಿದ್ದೆ ಭಾಗ್ಯ."

"ಗೊತ್ತು. ನಗಾಡ್ಕಂಡು ಹೇಳಿದ್ರು."

"ನಗಾಡ್ದ್ನಾ?"

"'ಅಕ್ಕ ಬರಬೇಡ ಅಂದವ್ಳೆ, ಅಂದ್ರೆ ರೊಟ್ಟಿ ಖಂಡಿತ ಮಾಡಿರ್ತಾಳೆ. ನಂಗೆ ಇಲ್ಲಿ ತಿಂಡಿ ಬೇಡ' ಅಂದ್ರು. ಬರೀ ಹೊಟ್ಟೇಲೇ ಹೊಂಟ್ರು."

ಸೋಮಮ್ಮ ಸೆರಗು ಬಾಯಿಗೊತ್ತಿಕೊಂಡಳು. ತಿಥಿಯ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಭಾಗ್ಯಮ್ಮ ಅವಳ ಬೆನ್ನು ಸವರುತ್ತ ಕೂತಿದ್ದಳು. ಅಳು ತಗ್ಗಿದ ಮೇಲೆ ಎದ್ದು ಚೀಲ ಇಳಿಸಿ ಅತ್ತಿಗೆಯ ಮಡಿಲಿಗಿಟ್ಟಳು.

ಕರಣೆ ಇತ್ತು, ಬ್ರಷ್ಷಿತ್ತು, ಗಟ್ಟಿಯಾಗಿಹೋದ ಸಿಮೆಂಟಿನ ಪೊಟ್ಟಣವಿತ್ತು. ಅದರ ಕೆಳಗೆ ಸುತ್ತಿದ ಹೊಸ ಗೋಣಿತಾಟು, ಹುರಿಹಗ್ಗದ ಉಂಡೆ. ಇನ್ನೊಂದು ಕಾಗದದ ಪೊಟ್ಟಣದಲ್ಲಿ ಅರಿಶಿನ, ಕುಂಕುಮ, ಕರ್ಪೂರ.

"ಇದೇನು ಭಾಗ್ಯ?"

"ಗಿಡ ಕೀಳೋಕಲ್ಲ ಅತ್ತಿಗೆ ಅವ್ರು ಹೊಂಟಿದ್ದು. ಇಲ್ಲಿಗೆ ತರೋಕೆ. ನಮ್ಮ ಮಾದಪ್ಪನ ಗುಡಿ ಪೂಜೆ ಮಾಡೋ ತಮ್ಮಡಿಯವ್ರನ್ನ ಕೇಳ್ಕಂಡಿದ್ರು. ತೆಗೆಯೋ ಹಿಂದಿನ ಸಂಜೆ ಗಿಡದ ಮುಂದೆ ದೀಪ ಇಟ್ಟು, ಎಲ್ಲಿಗೆ ಕರ್ಕಂಡು ಹೋಗ್ತೀವಿ ಅಂತ ಅದಕ್ಕೆ ಹೇಳ್ಬೇಕಂತೆ. ಹೇಳಿ ತಂದ್ರೆ ದೋಷ ಇಲ್ವಂತೆ. ಗುಡಿ ಮುಂದೆ ಗುಳಿನೂ ತೋಡಿಟ್ಟವ್ರೆ. ನಿಮಗೆ ಬಂದ್ಮೇಲೆ ಹೇಳಾನ ಅಂತಿದ್ರು."

"ಅವನಿಗೆ ನಾರಾಯಣನ ಮೇಲೆ ಯಾವಾಗಿಂದ ಅಷ್ಟು ಭಕ್ತಿ?" ಎಂದಳು ಸೋಮಮ್ಮ.

"ಭಕ್ತಿ ಅಲ್ಲ." ಭಾಗ್ಯಮ್ಮ ಹೇಳಿದಳು. "ಕೊರೋನಾದಲ್ಲಿ ನೀವು ಆ ಗಿಡದ ಮುಂದೆ ಸುತ್ತಿದ್ದು, ಅಂದಿದ್ದು, ಎಲ್ಲಾನೂ ನಿಮ್ಮ ಪಕ್ಕದ ತಾರಸಿಯವ್ರು ಆವಾಗ್ಲೇ ಅವ್ರಿಗೆ ಹೇಳಿದ್ರು. ನಿಮಗೆ ಗೊತ್ತಾಗೋದು ಬೇಡ ಅಂತಿದ್ರು. 'ನನ್ನ ಉಸಿರು ಇಡೋಕೆ ಅಕ್ಕಂಗೆ ಅವಳ ಮನೆ ಸೂರೇ ಸಿಕ್ತಾ' ಅಂತ ಒಂದೊಂದ್ಸಲ ಒಬ್ಬರೇ ಅಂದ್ಕಳೋರು. 'ನನ್ನ ಗಿಡ ಅವಳ ಮನೆ ತಿಂದ್ರೆ ನಂಗೆ ಒಳ್ಳೇದಾದಾತಾ' ಅನ್ನೋರು."

ಇಬ್ಬರೂ ಗುಡಿಯವರೆಗೆ ನಡೆದುಹೋದರು. ಹಳೆಯ ಹಿನಕಲ್ಲಿನ ಆ ಸಣ್ಣ ಗುಡಿಯ ಸುತ್ತ ಈಗ ಮಹಡಿಮನೆಗಳು ಎದ್ದಿವೆ. ಕಟ್ಟೆಯ ಪಕ್ಕದಲ್ಲಿ ಗುಳಿ ಇತ್ತು. ಮಳೆಗೆ ಅಂಚು ಕುಸಿದು ಅರ್ಧ ತುಂಬಿತ್ತು. ಸೋಮಮ್ಮ ಕುಕ್ಕರಿಸಿ ಕೂತು ಕೈಯಿಂದಲೇ ಒಂದಷ್ಟು ಮಣ್ಣು ಮೇಲೆತ್ತಿ ಹಾಕಿದಳು.

ಶುಕ್ರವಾರ ಸಂಜೆ ತಾರಸಿಯ ಮೇಲೆ ದೀಪ ಇಟ್ಟರು. ಅಮರ್ ಅಂದು ತಾಯಿಗೆ ಕೈಕೊಟ್ಟು ಮೆಟ್ಟಿಲು ಹತ್ತಿಸಿದ. ತನ್ನ ಹರಕೆಯ ಮಾತನ್ನು ಅವಳು ಮಗನಿಗೆ ಅಲ್ಲೇ ಹೇಳಿದಳು. ಅವನು ಕೇಳಿ, ತನ್ನ ಮೇಣದ ಬತ್ತಿಯನ್ನು ದೀಪದ ಪಕ್ಕದಲ್ಲಿಟ್ಟು ಕಣ್ಣುಮುಚ್ಚಿ ತನ್ನ ಪ್ರಾರ್ಥನೆ ಹೇಳಿಕೊಂಡ. ಸೋಮಮ್ಮ ಗಿಡಕ್ಕೆ ಅರಿಶಿನ ಕುಂಕುಮ ಇಟ್ಟಳು.

"ನಾಳೆ ಹಿನಕಲ್ಲಿಗೆ ಹೋಗಾನ ಕಣಪ್ಪ. ಅಲ್ಲಿ ಜಾಗ ಅದೆ. ಸಣ್ಣ ಮಾಡಿಟ್ಟವ್ನೆ," ಎಂದಳು.

ಮರುದಿನ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಗಿಡ ಮುಟ್ಟಲ್ಲ ಎಂದಿದ್ದ ಲಿಂಗರಾಜು, ದೀಪ ಇಟ್ಟು ಹೇಳಿದ್ದೇವೆ ಎಂದ ಮೇಲೆ ಉಳಿ ತಂದು ಬುಡದ ಸುತ್ತ ಗಾರೆ ಬಿಡಿಸಿಕೊಟ್ಟ. ಸಣ್ಣ ಬೇರುಗಳು ಬಂದವು. ತಾಯಿಬೇರು ಮಾತ್ರ ಮೋಲ್ಡಿನ ಬಿರುಕಿಗೆ ಇಳಿದು, ಒಳಗೇ ಚಪ್ಪಟೆಯಾಗಿ ಹರಡಿಕೊಂಡಿತ್ತು. ಎಳೆದರೆ ಬರಲಿಲ್ಲ.

"ಕೊಯ್ಯಬೇಕು. ಒಳಗುಳಿದಿದ್ದನ್ನ ಔಷಧಿ ಹಾಕಿ ಸಾಯಿಸಬೇಕು. ಇಲ್ದಿದ್ರೆ ಮತ್ತೆ ಚಿಗುರ್ತದೆ," ಎಂದ ಲಿಂಗರಾಜು. ಗರಗಸವನ್ನು ಅಮರನ ಕಡೆ ಚಾಚಿದ.

ಅಮರ್ ಕೈ ಮುಂದೆ ಮಾಡುವಷ್ಟರಲ್ಲಿ ಸೋಮಮ್ಮ ಅದನ್ನು ತೆಗೆದುಕೊಂಡಳು. ಇಟ್ಟವಳು ನಾನು, ತೆಗೆಯುವವಳೂ ನಾನೇ ಎಂದಳು. ಮೊಣಕಾಲು ಮಡಿಸಲಾರದೆ ಕಾಲು ಚಾಚಿ ಕೂತು ನಿಧಾನವಾಗಿ ಕೊಯ್ದಳು. ಬೇರಿನಿಂದ ಬಿಳಿಯ ಹಾಲು ಒಸರಿ ಅವಳ ಬೆರಳಿಗೆ ಅಂಟಿತು. ಎರಡು ತುಂಡಾದಾಗ ಒಮ್ಮೆ ಆಕಾಶ ನೋಡಿದಳು. ಏನೂ ಆಗಲಿಲ್ಲ. ಪಕ್ಕದ ತಾರಸಿಯಲ್ಲಿ ಯಾರೋ ಬಟ್ಟೆ ಹಿಂಡುತ್ತಿದ್ದರು.

ತೇವದ ಗೋಣಿತಾಟಿನಲ್ಲಿ ಬೇರು ಸುತ್ತಿ, ಹುರಿಹಗ್ಗ ಬಿಗಿದು, ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಿನಕಲ್ಲಿಗೆ ಹೋದರು. ಗುಳಿಯಲ್ಲಿಟ್ಟು ಮಣ್ಣು ಮುಚ್ಚಿದರು. ತಮ್ಮಡಿ ವಿಭೂತಿ ಇಟ್ಟು, "ಬದುಕಿಸೋದು ಬುಡೋದು ಅವನಿಗೆ ಬುಟ್ಟಿದ್ದು," ಎಂದರು.

ಲಿಂಗರಾಜು ಕೋಣೆಯ ಕೆಲಸ ಹಿಡಿದ. ಸಡಿಲವಾದ ಗಾರೆಯನ್ನೆಲ್ಲ ಉದುರಿಸಿ, ಸರಳಿನ ತುಕ್ಕು ಉಜ್ಜಿ, ಬಣ್ಣ ಬಳಿದು, ಹೊಸ ಗಾರೆ ಹಿಡಿಸಿದ. ಮೇಲೆ ಬಿರುಕು ಮುಚ್ಚಿ, ನೀರು ಕೊಳವೆಯ ಕಡೆಗೆ ಹರಿಯುವಂತೆ ಇಳಿಜಾರು ಮಾಡಿದ. ಮುಗಿಸಿ ಹೋಗುವಾಗ ಹೇಳಿದ: "ಮೂಲೆ ಒಂದು ಬುಟ್ರೆ ಬಾಕಿ ತಾರಸಿ ಕಲ್ಲಿನಂಗದೆ ಅಮ್ಮ. ಯಾರು ನೋಡ್ಕತಿದ್ರು?"

"ನನ್ನ ತಮ್ಮ," ಎಂದಳು ಸೋಮಮ್ಮ.

ಅನುಪಮಾ ಹೆತ್ತು, ಹೆಣ್ಣುಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಹಿನಕಲ್ಲಿನ ಗಿಡ ಎಲೆಯನ್ನೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಂತಿದೆಯೆಂದು ಭಾಗ್ಯಮ್ಮ ಹೇಳಿದಳು. ದಿನಾ ನೀರು ಹಾಕುತ್ತಿದ್ದಳು. ಉಗುರಿನಿಂದ ಗೀರಿ ನೋಡಿದರೆ ಒಳಗೆ ಹಸಿರಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲವಂತೆ. ಸೋಮಮ್ಮ ಹೆಚ್ಚು ಕೇಳಲಿಲ್ಲ.

ಆರಿದ್ರಾ ಮಳೆ ಒಂದು ಮಧ್ಯಾಹ್ನ ಜೋರಾಗಿ ಹಿಡಿಯಿತು. ಮೂಲೆಯ ಕೋಣೆಯಲ್ಲಿ ತಾಯಿ ಮಗು ಮಲಗಿದ್ದರು. ಸೋಮಮ್ಮ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ಹೊಸ ಸುಣ್ಣ ಬೆಳ್ಳಗೆ ಒಣಗಿತ್ತು. ಮತ್ತೊಮ್ಮೆ ನೋಡಿದಳು. ಆಮೇಲೆ, ಯಾಕೆಂದು ತಿಳಿಯದೆ, ನಡುಮನೆಗೆ ಬಂದು ಫೋನಿನ ಪಕ್ಕದಲ್ಲಿ ಕುಳಿತಳು. ಮಳೆ ಸುರಿಯುತ್ತಲೇ ಇತ್ತು. ಫೋನು ಸುಮ್ಮನಿತ್ತು.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎದ್ದು, ಪೊರಕೆ ಹಿಡಿದು ಮೆಟ್ಟಿಲು ಹತ್ತಿದಳು. ಅರ್ಧದಲ್ಲಿ ನಿಂತು, ಗೋಡೆಗೆ ಕೈಯಾನಿಸಿ, ಮತ್ತೆ ಹತ್ತಿದಳು. ಕೊಳವೆಯ ಬಾಯಲ್ಲಿ ನೀರು ಕಟ್ಟಿತ್ತು. ತಮ್ಮ ಮಾಡುತ್ತಿದ್ದ ಹಾಗೆ ಕೈಹಾಕಿ ಎಳೆದಳು. ಎಲ್ಲೋ ಸಂದಿಯಲ್ಲಿ ಉಳಿದಿದ್ದ ಅರಳಿಯ ಒಣಗಿದೆಲೆಗಳು, ಬರೀ ನರದ ಬಲೆಯಾಗಿ, ಅಂಗೈಗೆ ಬಂದವು. ನೀರು ಗುಳುಗುಳು ಎಂದು ಇಳಿಯಿತು. ಮೂಲೆ ಬರಿದಾಗಿತ್ತು. ಅವಳು ಅದರ ಕಡೆ ನೋಡಿ ಮೆಲ್ಲಗೆ ಹೇಳಿದಳು.

"ಸೋರ್ತಾ ಇಲ್ಲ ಕಣೋ ಸಣ್ಣ."

ಎಲೆಗಳನ್ನು ಮೋಟುಗೋಡೆಯ ಮೇಲಿಟ್ಟು, ಒದ್ದೆ ಕೈಗಳನ್ನು ಜೋಡಿಸಿ, ಮೋಡ ಮುಚ್ಚಿದ ತೆಂಕಣ ದಿಕ್ಕಿಗೆ ತಿರುಗಿ ನಿಂತಳು.

"ಮಲೆಯ ಮಾದಪ್ಪ, ನನ್ನ ತಮ್ಮ ನಿನ್ನ ಹೆಸರಿಟ್ಟುಕೊಂಡು ಹುಟ್ಟಿದವನು. ಬದುಕಿರೋಗಂಟ ನನ್ನ ತಲೆ ಮೇಲೆ ಒಂದು ಹನಿ ಬೀಳದ ಹಾಗೆ ಕಾದ. ಹಸಿದ ಹೊಟ್ಟೇಲಿ ಹೊರಟವನನ್ನ ನೀನು ದಾರೀಲೇ ಕರ್ಕಂಡೆ. ಅವನ ಉಸಿರನ್ನ ನಾನು ಒಂದು ಎಲೆಯಲ್ಲಿ ಕಟ್ಟಿಟ್ಟುಕೊಂಡಿದ್ದೆ. ಈಗ ಬಿಚ್ಚಿ ನಿನ್ನ ಪಾದಕ್ಕೆ ಬುಟ್ಟಿದ್ದೀನಿ. ಅವನಿಗೆ ಒಂದು ಹೊತ್ತು ಅನ್ನ ಇಡು. ಬಿಸಿಲು ಮಳೆ ತಾಕದ ಕಡೆ ಜಾಗ ಕೊಡು. ಮನೆ ಸೋರ್ತದೇನೋ ಅನ್ನೋ ಯೋಚನೆ ಅವನಿಗೆ ಇನ್ನು ಬರದೇ ಇರಲಿ. ಅವನು ನೆಮ್ಮದಿಯಾಗಿ ಮಲಗಲಿ ತಂದೆ, ನೆಮ್ಮದಿಯಾಗಿ ಮಲಗಲಿ."